ಹತ್ತು ಸೀಸೆಗಳು

ಜೀಪು ಊರಿನ ಅಗಸೆ ದಾಟಿ ಒಂದೂವರೆ ತಾಸಾಗಿದ್ದರೂ ಇಷ್ರತಳ ಎದೆ ಇನ್ನೂ ತಪಾಸಣೆಯ ವೇಗದಲ್ಲೇ ಬಡಿದುಕೊಳ್ಳುತ್ತಿತ್ತು. ಎಲ್ಲವೂ ಸುಸೂತ್ರವಾಗಿ ಮುಗಿದಿತ್ತು; ಹಾಗೆ ಮುಗಿದದ್ದೇ ಅವಳನ್ನು ಕಾಡುತ್ತಿತ್ತು. ಕರಿಮಡ್ಡಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದವಳು, ಇವತ್ತು ಬೆಳಿಗ್ಗೆ ಜಿಲ್ಲೆಯಿಂದ ಬಂದ ಅಧಿಕಾರಿಯ ಎದುರು ಫ್ರಿಜ್ಜಿನ ಬಾಗಿಲು ತೆರೆದು, ಹಾವಿನ ವಿಷಕ್ಕೆ ಕೊಡುವ ಮದ್ದಿನ ಹತ್ತು ಸೀಸೆಗಳನ್ನು ತೋರಿಸಿದ್ದಳು. ಅವರು ಕನ್ನಡಕವನ್ನು ಹಣೆಗೇರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಇಷ್ಟು ಒಪ್ಪವಾದ ಕೋಣೆಯನ್ನು ಈ ಭಾಗದಲ್ಲಿ ತಾನು ಕಂಡಿಲ್ಲವೆಂದು ಜೊತೆಯವರಿಗೆ ಕೇಳುವಂತೆ ಹೇಳಿದರು. ಮೂರು ತಿಂಗಳ ಹಿಂದಷ್ಟೇ ನೇಮಕವಾಗಿ ಬಂದಿದ್ದ ಡಾಕ್ಟರ್ ರೂಪಾ ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ನಕ್ಕಳು, ಕೊಟ್ಟ ಹಾಳೆಗೆ ಸಹಿ ಮಾಡಿದಳು. ತುರ್ತು ಚಿಕಿತ್ಸೆಗೆ ಸಿದ್ಧ ಎಂದು ಆ ಹಾಳೆಯ ಮೇಲೆ ಅಚ್ಚಾಗಿತ್ತು. ಜೀಪು ಉಪಕೇಂದ್ರವೊಂದನ್ನು ನೋಡಿ ಮುಂದೆ ಜಾಲಿಕೊಪ್ಪಕ್ಕೆ ಹೋಗುವುದಿತ್ತು. ಅದು ಟಾರು ರಸ್ತೆ ಹಿಡಿದು ಕಣ್ಮರೆಯಾಗುವುದನ್ನೇ ಕಾಯುತ್ತಿದ್ದ ಸಾಜೀದ, ಜಾಲಿಕೊಪ್ಪದ ಕೇಂದ್ರದಲ್ಲಿ ಅವಳದೇ ಕೆಲಸ ಮಾಡುವವನು, ಹಿಂಬಾಗಿಲಿನಿಂದ ಒಳಬಂದು, ಆ ಹತ್ತೂ ಸೀಸೆಗಳನ್ನು ಥಂಡಿ ಡಬ್ಬಿಯಲ್ಲಿಟ್ಟುಕೊಂಡು, ಬೈಕಿನಲ್ಲಿ ಹೊಲದ ದಾರಿಯಿಂದ ಜೀಪಿಗಿಂತ ಮೊದಲೇ ತನ್ನ ಊರು ಸೇರಲು ಹೊರಟುಹೋಗಿದ್ದ.

ಈ ಡಬ್ಬಿಗೆ ಅವರು ಫೋನಿನಲ್ಲಿ ಬೀಗರು ಎನ್ನುತ್ತಿದ್ದರು. ಬೀಗರು ಇವತ್ತ ನಿಮ್ಮಲ್ಲೇನು, ಬೀಗರನ್ನ ನಾಳೆ ಕಳಸ್ರಿ, ಬೀಗರಿಗೆ ಉಪಚಾರ ಚಲೋ ಆತೇನು. ಮೊದಲ ಸಲ ಅದು ನಗೆಯ ಮಾತಾಗಿರಲಿಲ್ಲ. ಮೂರು ವರ್ಷದ ಹಿಂದೆ ಸಾಜೀದ ಉಸಿರುಗಟ್ಟಿ ಫೋನು ಮಾಡಿದ್ದ, ಒಬ್ಬ ಕುರಿಗಾರನಿಗೆ ನಾಗರಹಾವು ಕಡಿದಿದೆ, ತನ್ನಲ್ಲಿ ಮದ್ದಿಲ್ಲ ಎಂದು. ಅವಳು ತನ್ನ ಸೀಸೆಗಳನ್ನು ಸಿಕ್ಕ ಟಂಟಂ ಗಾಡಿಯಲ್ಲಿ ಕಳಿಸಿದ್ದಳು, ಕುರಿಗಾರ ಬದುಕಿದ. ಆ ರಾತ್ರಿ ಅವಳಿಗೆ ಬಂದಂಥ ನಿದ್ದೆ ಮತ್ತೆ ಬಂದಿಲ್ಲ. ಅನಂತರ ಹೊಸಬಾವಿಯ ಕೇಂದ್ರವೂ ಸೇರಿಕೊಂಡಿತು. ಇದ್ದವರು ಇಲ್ಲದವರಿಗೆ ಕೊಡುವುದು ಮೂರು ಊರಿನ ರೂಢಿಯಾಯಿತು. ಇಲ್ಲ ಎಂದು ಮೇಲಕ್ಕೆ ಬರೆದರೆ, ಯಾಕೆ ಇಲ್ಲ ಎಂಬ ನೋಟೀಸು ಬರುತ್ತಿತ್ತು; ಮದ್ದು ಬರುತ್ತಿರಲಿಲ್ಲ. ಹಾಗಾಗಿ ಯಾರೂ ಬರೆಯಲಿಲ್ಲ. ಈ ವರ್ಷ ಸರಕಾರ ನಿಜವಾಗಿಯೂ ಮನಸ್ಸು ಮಾಡಿತ್ತು. ಖಾಲಿ ಹುದ್ದೆಗಳಿಗೆ ಡಾಕ್ಟರರು ಬಂದರು, ಅಂಗಳಕ್ಕೆ ಹೊಸ ಆಂಬುಲೆನ್ಸು ಬಂತು. ಎಲ್ಲಿ ಏನಿಲ್ಲವೋ ಅಲ್ಲಿಗೆ ಮೊದಲು ಕಳಿಸುತ್ತೇವೆ, ಅದನ್ನು ತಿಳಿಯಲೆಂದೇ ಬರುತ್ತಿದ್ದೇವೆ ಎಂದು ಸುತ್ತೋಲೆಯೂ ಬಂತು. ಅದನ್ನು ಇಷ್ರತ ಎರಡು ಸಲ ಓದಿದ್ದಳು. ಓದಿಯೂ, ಯಾವ ಕೇಂದ್ರವೂ ಮೊದಲು ಬಾಯಿಬಿಡಲು ಸಿದ್ಧವಿಲ್ಲವೆಂದು ಗೊತ್ತಾದಾಗ, ಬೀಗರನ್ನು ಒಂದೇ ದಿನ ಹೊಸಬಾವಿ, ಕರಿಮಡ್ಡಿ, ಜಾಲಿಕೊಪ್ಪ ಹೀಗೆ ಮೂರು ಮನೆಗೆ, ಜೀಪಿಗಿಂತ ಒಂದು ಹೆಜ್ಜೆ ಮುಂದೆ, ಕಳಿಸುವ ಏರ್ಪಾಟನ್ನು ಅವಳೇ ಮಾಡಿದ್ದಳು.

ಹೊರಗೆ ಬೈಕು ನಿಂತ ಸದ್ದಾಯಿತು. ನಡುವೆ ಒಬ್ಬ ಹೆಂಗಸನ್ನು ಕೂರಿಸಿಕೊಂಡು ಇಬ್ಬರು ಗಂಡಸರು ಬಂದಿದ್ದರು. ಇಳಿದವಳು ಗುಡ್ಡವ್ವ. ನಲವತ್ತೈದರ ಆಸುಪಾಸಿನ, ಊರಿನ ಹೆಸರುಕಾಳಿನ ಹೊಲಗಳಲ್ಲಿ ಕೂಲಿ ಮಾಡುವ, ಬಾಯಿ ಬಿಟ್ಟರೆ ನಾಲ್ಕು ಮಂದಿಯನ್ನು ನಗಿಸುವ ಹೆಂಗಸು. ಸೆರಗಿನ ತುದಿಯಿಂದ ಬಲಗೈಯ ತೋರುಬೆರಳನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು. ಒಡ್ಡಿನ ಕಲ್ಲಿನ ಸಂದಿಯಲ್ಲಿ ಇಟ್ಟಿದ್ದ ನೀರಿನ ಬಾಟಲಿಗೆ ಕೈ ಹಾಕಿದಾಗ ಕಡಿಯಿತಂತೆ; ಅರ್ಧ ತಾಸಾಯಿತಂತೆ. ಅವಳ ಗಂಡ ನೀಲಪ್ಪ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಗುಡ್ಡವ್ವ ಮಾತ್ರ ಮಂಚದ ಮೇಲೆ ಕೂತು, ಇಷ್ಟಕ್ಕೆಲ್ಲ ಕರೆತಂದನಲ್ಲ ಎಂಬಂತೆ ಗಂಡನನ್ನು ನೋಡಿದಳು.

"ಗೇಣುದ್ದ ಇತ್ರಿ ಡಾಕ್ಟರಬಾಯಿ, ಅದೇನ ಹಾವೇನ್ರಿ. ನಮ್ಮನಿಯವರು ಅದನ್ನ ನೋಡಿ ನನಗಿಂತ ಜೋರ ಒದರಿದ್ರು."

ರೂಪಾ ನಗಲಿಲ್ಲ. ಗೇಣುದ್ದದ ಹಾವೆಂದರೆ ಸಣ್ಣ ಮಂಡಲದ ಹಾವಿರಬಹುದು, ಒಣ ಸೀಮೆಯಲ್ಲಿ ಅದೇ ಹೆಚ್ಚು ಕೆಟ್ಟದ್ದು ಎಂದು ಇಷ್ರತಳಿಗಷ್ಟೇ ಕೇಳುವಂತೆ ಹೇಳಿದಳು. ನರ್ಸು ಲಸಿಕೆ ಹಾಕಲು ಹೊರಹೋಗಿದ್ದರಿಂದ ಕೈನೆರವಿಗೆ ಇಷ್ರತಳೇ ಬಂದಿದ್ದಳು. ಬೆರಳು ತುಸು ಊದಿತ್ತು, ಅಷ್ಟೇ. ರೂಪಾ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಾಡದಂತೆ ಮೇಜಿನ ಮೇಲೆ ನಿಲ್ಲಿಸಿದಳು. ಇಪ್ಪತ್ತು ನಿಮಿಷದ ಮೇಲೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಭಯವಿಲ್ಲ; ನೀರಿನಂತೆ ಹರಿದರೆ ವಿಷ ಏರಿದೆ, ತಡಮಾಡದೆ ಹತ್ತು ಸೀಸೆ ಮದ್ದು ಹೋಗಬೇಕು. "ಅಷ್ಟರಾಗ ನೀವು ಸೀಸೆ ತಗದ ಇಡ್ರಿ ಅಕ್ಕಾ," ಎಂದಳು.

ಹನ್ನೊಂದು ನಲವತ್ತು. ಇಷ್ರತ ಹ್ಞೂಂ ಎಂದಳೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಔಷಧಿ ಕೋಣೆಗೆ ಹೋಗಿ, ಇಲ್ಲವೆಂದು ಗೊತ್ತಿದ್ದೂ ಫ್ರಿಜ್ಜನ್ನು ತೆರೆದಳು. ಎರಡನೆಯ ಅಂಕಣದಲ್ಲಿ ಸೀಸೆಗಳು ನಿಂತಿದ್ದ ಜಾಗದಲ್ಲಿ ಹತ್ತು ಸಣ್ಣ ಉಂಗುರದ ಗುರುತುಗಳಿದ್ದವು. ಬಾಗಿಲು ಹೆಚ್ಚು ಹೊತ್ತು ತೆರೆದಿಟ್ಟರೆ ಲಸಿಕೆ ಕೆಡುತ್ತದೆ ಎಂಬುದು ನೆನಪಾಗಿ ತಟ್ಟನೆ ಮುಚ್ಚಿದಳು. ಇಂಥ ಹೊತ್ತಿನಲ್ಲೂ ಕೈ ತನ್ನ ಶಿಸ್ತನ್ನು ಬಿಡದಿರುವುದು ಅಸಹ್ಯವೆನ್ನಿಸಿತು. ಸಾಜೀದನಿಗೆ ಫೋನು ಹಚ್ಚಿದಳು. ಮೂರು ಸಲ ಗಂಟೆ ಬಾರಿಸಿ ನಿಂತಿತು. ನಾಲ್ಕನೆಯ ಸಲ ಎತ್ತಿದವನು ಪಿಸುಗುಡುತ್ತಿದ್ದ. ಜೀಪು ಈಗಷ್ಟೇ ಬಂದು ನಿಂತಿದೆ, ಸಾಹೇಬರು ಹೆರಿಗೆ ಕೋಣೆಯಲ್ಲಿದ್ದಾರೆ, ಮುಂದಿನದು ಫ್ರಿಜ್ಜೇ. ಅವಳು ವಿಷಯ ಹೇಳಿದಳು. ಅವನು ದನಿಯನ್ನು ಇನ್ನಷ್ಟು ತಗ್ಗಿಸಿದ.

"ಇಪ್ಪತ್ತ ಮಿನಿಟ್ ಹೆಂಗೂ ಕಾಯೋದ ಐತೆಲ್ಲ ಆಪಾ. ಇವರದು ಮುಗೀಲಿ, ಅರ್ಧ ತಾಸಿನ್ಯಾಗ ನಾನ ತಂದ ಕೊಡ್ತೀನಿ. ರಕ್ತ ಗಟ್ಟಿ ಆದ್ರ ಮುಗದ ಹೋತು, ಯಾರಿಗೂ ಏನೂ ಗೊತ್ತಾಗಂಗಿಲ್ಲ."

ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಮಾತು ಎಷ್ಟು ಹಿತವಾಗಿ ಒಳಗಿಳಿಯಿತೆಂದರೆ ಅವಳಿಗೆ ಅದರ ಮೇಲೆಯೇ ಸಂಶಯ ಬಂತು. ಆದರೂ ಲೆಕ್ಕ ಹಾಕಿದಳು. ಅವನು ಹನ್ನೆರಡಕ್ಕೆ ಹೊರಟರೆ ಹನ್ನೆರಡೂವರೆಗೆ ಇಲ್ಲಿ. ಸೀಸೆ ಕರಗಿಸಲು ತಡವಾಯಿತೆಂದು ಹತ್ತು ನಿಮಿಷ ತಳ್ಳಬಹುದು, ಸಲಾಯಿನ್ ಬಾಟಲಿ ಹುಡುಕುವ ನೆಪದಲ್ಲಿ ಇನ್ನೈದು. ಮನಸ್ಸು ಇಷ್ಟು ಚುರುಕಾಗಿ ನೆಪಗಳನ್ನು ಹೆಣೆಯಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೇ? ಗಜೇಂದ್ರಗಡದ ಸಂತೆಯಲ್ಲಿ ಅಬ್ಬಾ ನಜೀರಸಾಬ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವಾಗ ತಿದಿ ಒತ್ತುತ್ತ ಕೂತ ಹನ್ನೆರಡು ವರ್ಷದ ಹುಡುಗಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ದಿನ ಕಲಾಯಿಗೆ ಬೇಕಾದ ತವರ ಸಾಲದೆ ಬಂದಿತ್ತು. ಅಬ್ಬಾ ಕಣ್ಣಿಗೆ ಬೀಳುವ ಕಂಠದ ಸುತ್ತ ಬೆಳ್ಳಗೆ ಹೊಳೆಸಿ, ತಳಕ್ಕೆ ಬರೀ ಬಟ್ಟೆ ಆಡಿಸಿದ್ದ. ಮುಂದಿನ ಸಂತೆಗೆ ಒಬ್ಬ ಮುದುಕಿ ಆ ಪಾತ್ರೆಯನ್ನು ತಂದು, ಹಸಿರುಗಟ್ಟಿದ ಮಜ್ಜಿಗೆಯ ಸಮೇತ ಎಲ್ಲರೆದುರು ಇಟ್ಟಳು. ಮೊಮ್ಮಗಳು ವಾಂತಿ ಮಾಡಿಕೊಂಡು ಮಲಗಿದ್ದಾಳೆ ಎಂದಳು. ಅಬ್ಬಾ ಶಾಂತವಾಗಿ, ನೀವು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೀರಿ, ಅದಕ್ಕೇ ಹೋಯಿತು ಎಂದ. ಮುದುಕಿ ಹುಡುಗಿಯ ಕಡೆ ನೋಡಿದಳು. ಹುಡುಗಿ ತಿದಿ ಒತ್ತಿದಳು.

ಕಿಟಕಿಗೆ ಯಾರೋ ಬೆರಳಿನಿಂದ ತಟ್ಟಿದರು. ಆಂಬುಲೆನ್ಸಿನ ಚಾಲಕ ಖಾದರ. ಹೊಳೆಆಲೂರಿನ ಕಡೆಯಿಂದ ಕರೆ ಬಂದಿದೆ, ಹೆರಿಗೆ ನೋವು, ಹೋಗಬೇಕು. ಆದರೆ ಹಾವು ಕಡಿದ ಕೇಸು ಕೂತಿರುವುದನ್ನು ಕಂಡು ಕೇಳಲು ಬಂದಿದ್ದಾನೆ. ಡಾಕ್ಟರಮ್ಮನನ್ನು ಕೇಳಿದರೆ, ಮದ್ದು ಇಲ್ಲೇ ಇದೆ, ರೋಣಕ್ಕೆ ಒಯ್ಯುವ ಅಗತ್ಯವಿಲ್ಲ ಎಂದರಂತೆ.

"ನೀವೊಂದ ಮಾತ ಹೇಳ್ರಿ ಅಕ್ಕಾ. ಬೇಕಂದ್ರ ಆ ಕೇಸಿಗೆ ಬ್ಯಾರೆ ಗಾಡಿ ಕಳಸ್ರಿ ಅಂತೀನಿ. ಹೋಗಲೇನ್ರಿ?"

ಈಗ ಹೇಳಬೇಕು. ರೋಣಕ್ಕೆ ಮುಕ್ಕಾಲು ತಾಸು. ಈಗ ಹೊರಟರೆ ಗುಡ್ಡವ್ವ ಹನ್ನೆರಡೂವರೆಗೆ ದೊಡ್ಡ ಆಸ್ಪತ್ರೆಯಲ್ಲಿರುತ್ತಾಳೆ. ಆದರೆ ಕಳಿಸುವುದಾದರೆ ಯಾಕೆಂದು ರೂಪಾ ಕೇಳುತ್ತಾಳೆ. ಅಧಿಕಾರಿ ಜಾಲಿಕೊಪ್ಪದಲ್ಲಿ ಇದೇ ಗಳಿಗೆಯಲ್ಲಿ ಫ್ರಿಜ್ಜು ತೆರೆಯುತ್ತಿರಬಹುದು. ರಕ್ತ ಹೆಪ್ಪುಗಟ್ಟಲೂಬಹುದಲ್ಲ. ಖಾದರ ಅವಳ ಮುಖವನ್ನೇ ನೋಡುತ್ತ ಕಾದ. ಅವಳು ತಲೆಯಾಡಿಸಿದಳು. ಅದು ಒಪ್ಪಿಗೆಯೆಂದು ತಿಳಿಯುವಷ್ಟು ಸ್ಪಷ್ಟವಾಗಿಯೇ ಆಡಿಸಿದಳು. ಬಿಳಿಯ ಗಾಡಿ ಅಂಗಳದಲ್ಲಿ ಅರ್ಧಸುತ್ತು ತಿರುಗಿ, ಬೇವಿನ ಮರದ ನೆರಳನ್ನು ಒಮ್ಮೆ ಮೈಮೇಲೆ ಹಾಯಿಸಿಕೊಂಡು, ರಸ್ತೆಗಿಳಿಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಇಷ್ರತ ಕಿಟಕಿಯ ಸರಳನ್ನು ಹಿಡಿದು ನಿಂತಿದ್ದಳು.

ಚಿಕಿತ್ಸೆಯ ಕೋಣೆಗೆ ಮರಳಿದಾಗ ಎಲ್ಲರೂ ನಳಿಕೆಯನ್ನು ನೋಡುತ್ತಿದ್ದರು. ಹನ್ನೆರಡು ನಿಮಿಷ ಕಳೆದಿತ್ತು. ಇಷ್ರತಳೂ ನೋಡಿದಳು, ಮನಸ್ಸಿನಲ್ಲೇ ದುವಾ ಮಾಡಿದಳು. ಗಟ್ಟಿಯಾಗಲಿ, ಗಟ್ಟಿಯಾಗಲಿ. ಆ ಪ್ರಾರ್ಥನೆಯಲ್ಲಿ ಗುಡ್ಡವ್ವನ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಒಳಗಿನಿಂದ ಯಾರೋ ಕೇಳಿದಂತಾಗಿ ಕಣ್ಣು ಸರಿಸಿದಳು. ನೀಲಪ್ಪ ಸ್ಟೂಲನ್ನು ಅವಳತ್ತ ತಳ್ಳಿ, ಕೂಡ್ರಿ ಅಕ್ಕಾರ ಎಂದ. ಊರವರು ನೇರ ಖಾಸಗಿ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದರಂತೆ. ಬೆಳಿಗ್ಗೆಯಷ್ಟೇ ಸಾಹೇಬರು ಬಂದು ಎಲ್ಲ ಇದೆ ಎಂದು ನೋಡಿ ಹೋಗಿದ್ದಾರೆ, ಅಕ್ಕಾರು ಇರುವಾಗ ನಮಗೇನು ಚಿಂತೆ ಎಂದು ಇವನೇ ಇಲ್ಲಿಗೆ ತಿರುಗಿಸಿದನಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ತನ್ನ ನಿರ್ಧಾರದ ಬಗ್ಗೆ ಸಣ್ಣ ಅಭಿಮಾನವಿತ್ತು. ಇಷ್ರತ ಆ ಸ್ಟೂಲಿನ ಮೇಲೆ ಕೂತಳು. ಕೂತ ಕೂಡಲೇ ಎದ್ದಳು.

ಗುಡ್ಡವ್ವ ಮಂಚದ ಬದಿಗೆ ಬಾಗಿ ತಟ್ಟೆಗೆ ಉಗುಳಿದಳು. ಕೆಂಪಗಿತ್ತು. ನೀಲಪ್ಪ ನಾಚಿಕೊಂಡು ಗದರಿದ, ದವಾಖಾನೆಯಲ್ಲೂ ಎಲೆ ಅಡಿಕೆ ಬಿಡುವುದಿಲ್ಲವಲ್ಲ ಎಂದು. ಹೊಲದ ಹೆಂಗಸರೆಲ್ಲ ಹಾಗೆಯೇ; ಬೆಳಿಗ್ಗೆ ಒಂದು ಎಲೆ ಮಡಚಿ ದವಡೆಗಿಟ್ಟರೆ ಮಧ್ಯಾಹ್ನದ ರೊಟ್ಟಿಯವರೆಗೆ ಅದೇ ಅವರ ಜೊತೆ. ಈ ಕೇಂದ್ರದ ಗೋಡೆಯ ಮೂಲೆಗಳಲ್ಲಿ ಆ ಕೆಂಪನ್ನು ತಿಕ್ಕಿಸಿ ತಿಕ್ಕಿಸಿ ಇಷ್ರತ ಸೋತಿದ್ದಳು. ರೂಪಾ ಆ ಕ್ಷಣ ಗಡಿಯಾರದತ್ತ ನೋಡುತ್ತಿದ್ದಳು. ಗುಡ್ಡವ್ವ ಮಾತ್ರ ಗಂಡನ ಮಾತಿಗೆ ಉತ್ತರಿಸದೆ ನಾಲಗೆಯಿಂದ ಒಸಡನ್ನು ಸವರಿಕೊಂಡು, ಏನೋ ಅರ್ಥವಾಗದವಳಂತೆ ಹುಬ್ಬು ಗಂಟಿಕ್ಕಿದಳು. ಆ ಹುಬ್ಬನ್ನು ನೋಡಿದ್ದು ಇಷ್ರತ ಒಬ್ಬಳೇ.

"ಗುಡ್ಡವ್ವಾ, ಎಲಿ ಯಾವಾಗ ಹಾಕ್ಕೊಂಡಿದ್ದಿ?"

"ಎಲ್ಲಿ ಎಲಿರಿ ಅಕ್ಕಾರ. ನಿನ್ನಿ ಸಂಜಿಗೆ ತೀರಿದ್ವು. ಮುಂಜಾನಿಂದ ಬಾಯಿ ಬರೇ ಐತಿ."

ಅದು ಎಲೆಯ ಕೆಂಪಲ್ಲ. ನಳಿಕೆ ಹೇಳಲು ಇನ್ನೂ ಆರು ನಿಮಿಷವಿತ್ತು, ಆದರೆ ಗುಡ್ಡವ್ವನ ಒಸಡು ಆಗಲೇ ಹೇಳಿಬಿಟ್ಟಿತ್ತು. ರೂಪಾ ಧಾವಿಸಿ ಬಂದು, ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿದಳು. ಹಲ್ಲಿನ ಬುಡದಲ್ಲೆಲ್ಲ ಸಣ್ಣಗೆ ಒಸರುತ್ತಿತ್ತು. ಕಾಯುವುದು ಬೇಡ, ಈಗಲೇ ಶುರುಮಾಡೋಣ, ಸೀಸೆ ಎಲ್ಲಿ ಎಂದು ಹಿಂದಕ್ಕೆ ಕೈ ಚಾಚಿದಳು. ಚಾಚಿದ ಆ ಎಳೆಯ, ನಂಬುವ ಕೈ ಗಾಳಿಯಲ್ಲಿ ಹಾಗೇ ಇತ್ತು.

"ಇಲ್ರಿ," ಎಂದಳು ಇಷ್ರತ.

ಮುಂದಿನದನ್ನು ಅವಳು ಗೋಡೆಗೆ ಒರಗಿ, ಆರೇಳು ವಾಕ್ಯಗಳಲ್ಲಿ ಹೇಳಿ ಮುಗಿಸಿದಳು. ಮೂರು ವರ್ಷದ ರೂಢಿ ಆರೇಳು ವಾಕ್ಯಗಳಿಗಿಂತ ಹೆಚ್ಚಿನದಾಗಿರಲಿಲ್ಲ. ನೀಲಪ್ಪನ ಮುಖವನ್ನು ನೋಡದಿರಲು ರೂಪಾಳ ಕೊರಳಿನ ಸ್ಟೆತಸ್ಕೋಪನ್ನೇ ನೋಡುತ್ತಿದ್ದಳು. ಬೈಗುಳವನ್ನು ನಿರೀಕ್ಷಿಸಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತು. ರೂಪಾ ಆಂಬುಲೆನ್ಸು ಎಲ್ಲಿ ಎಂದಳು. ಹೋಯಿತು ಎಂದಳು ಇಷ್ರತ. ಯಾವಾಗ? ಎಂಟು ನಿಮಿಷವಾಯಿತು, ನಾನೇ ಹೋಗು ಎಂದೆ. ರೂಪಾ ತನ್ನ ಮೊಬೈಲಿನಲ್ಲಿ ಅಧಿಕಾರಿಯ ನಂಬರು ಒತ್ತಿ, ಗಂಟೆ ಬಾರಿಸುತ್ತಿರುವಾಗಲೇ ಅದನ್ನು ಅವಳ ಕೈಗೆ ಕೊಟ್ಟಳು.

"ನೀವ ಮಾತಾಡ್ರಿ. ನನಗ ಗೊತ್ತಿಲ್ಲದ್ದನ್ನ ನಾ ಹ್ಯಾಂಗ ಹೇಳ್ಲಿ."

ಅಧಿಕಾರಿ ಮೃದುವಾಗಿಯೇ ಎತ್ತಿದರು, ಹೇಳಿ ಡಾಕ್ಟರ್ ಎಂದರು. ತಾನು ಡಾಕ್ಟರ್ ಅಲ್ಲ, ಬೆಳಿಗ್ಗೆ ಔಷಧಿ ಕೋಣೆ ತೋರಿಸಿದವಳು ಎಂದಳು ಇಷ್ರತ. ಕೇಸು ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ. ನಿಮ್ಮಲ್ಲಿ ಹತ್ತು ಇವೆಯಲ್ಲ, ನಾನೇ ಎಣಿಸಿದ್ದೇನಲ್ಲ ಎಂದರು.

"ಈಗ ನಿಮ್ಮ ಮುಂದ ಫ್ರಿಜ್ಜಿನ್ಯಾಗ ಹತ್ತ ಸೀಸೆ ಅದಾವಲ್ರಿ ಸರ್. ಮುಂಜಾನೆ ನೀವು ಎಣಿಸಿದ್ದೂ ಅವೇರಿ. ಅವನ್ನ ಈಗಿಂದೀಗ ಇಲ್ಲಿಗೆ ತರ್ಬೇಕ್ರಿ. ನಿಮ್ಮ ಜೀಪು ಬೈಕಿಗಿಂತ ಜೋರ ಬರತೈತಿ."

ಆಚೆ ಕಡೆ ಬಾಗಿಲೊಂದು ಬಡಿದ ಸದ್ದು, ಯಾರೋ ಓಡಿದ ಸದ್ದು, ಆಮೇಲೆ ಏನೂ ಇಲ್ಲ.

ಇಪ್ಪತ್ತು ನಿಮಿಷವಾದಾಗ ರೂಪಾ ನಳಿಕೆಯನ್ನು ಓರೆ ಮಾಡಿದಳು. ರಕ್ತ ನೀರಿನಂತೆ ಅತ್ತ ಹರಿಯಿತು, ಇತ್ತ ಹರಿಯಿತು. ಸಲಾಯಿನ್ ಹಚ್ಚಿ, ಮದ್ದು ಮೈಗೆ ಒಗ್ಗದಿದ್ದರೆ ಕೊಡಬೇಕಾದ ಇಂಜೆಕ್ಷನ್ನನ್ನು ತುಂಬಿಟ್ಟು, ಕಾಯುವುದಷ್ಟೇ ಉಳಿಯಿತು. ಬೆರಳಿನ ಬಾವು ಮುಂಗೈಗೇರಿತ್ತು. ಗುಡ್ಡವ್ವನ ಮಾತು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಆ ಬಾಯಿ ಸುಮ್ಮನಾದದ್ದೇ ನೀಲಪ್ಪನನ್ನು ಹೆದರಿಸಿತು. ಅವನು ಎರಡು ಸಲ ಇಷ್ರತಳ ಎದುರು ಬಂದು ನಿಂತ. ಎರಡು ಸಲವೂ ತಿರುಗಿ ಹೋದ. ಮೂರನೆಯ ಸಲ, ತಾನು ಅವಳಿಗಾಗಿ ತಳ್ಳಿದ್ದ ಸ್ಟೂಲನ್ನು ಎತ್ತಿಕೊಂಡು ಹೋಗಿ ಹೆಂಡತಿಯ ತಲೆಯ ಬಳಿ ಹಾಕಿಕೊಂಡು ಕೂತ. ಪ್ರತಿಯೊಂದು ಗಾಡಿಯ ಸದ್ದಿಗೂ ಇಷ್ರತ ಕಿಟಕಿಗೆ ಹೋಗಿ ನೋಡುತ್ತಿದ್ದಳು. ಒಂದು ಟ್ರ್ಯಾಕ್ಟರು. ಒಂದು ಬಸ್ಸು. ಮತ್ತೆ ಒಂದು ಟ್ರ್ಯಾಕ್ಟರು. ಇಪ್ಪತ್ತು ಕಿಲೋಮೀಟರು ಇಷ್ಟು ಉದ್ದವಿರಬಹುದೆಂದು, ಅದೇ ದಾರಿಯಲ್ಲಿ ಡಬ್ಬಿಯನ್ನು ಹತ್ತಾರು ಸಲ ಕಳಿಸಿದ್ದ ಅವಳಿಗೆ ಹೊಳೆದಿರಲಿಲ್ಲ.

ಜೀಪು ಬಂದಾಗ ಹನ್ನೆರಡು ಇಪ್ಪತ್ತೈದು. ಹಿಂದಿನ ಸೀಟಿನಲ್ಲಿ ಸಾಜೀದ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿ ಕೂತಿದ್ದ. ಇಳಿಯುವಾಗ ಅವಳತ್ತ ನೋಡಲಿಲ್ಲ. ಸೀಸೆಯೊಳಗಿನ ಮದ್ದು ಒಣಪುಡಿ. ನೀರು ಬೆರೆಸಿ ಕುಲುಕಿದರೆ ನೊರೆಯಾಗಿ ಹಾಳಾಗುತ್ತದೆ. ಅಂಗೈಗಳ ನಡುವೆ ನಿಧಾನವಾಗಿ ಹೊರಳಿಸಬೇಕು. ಇಷ್ರತ ಹೊರಳಿಸಿದಳು. ಇಷ್ಟು ಆತುರದ ಹೊತ್ತಿನಲ್ಲಿ ಕೈಗಳು ಮಾತ್ರ ನಿಧಾನವಾಗಿರಬೇಕಾಗಿದ್ದದ್ದು ಶಿಕ್ಷೆಯಂತಿತ್ತು. ಸಾಜೀದ ಎದುರು ನಿಂತು ಇನ್ನೊಂದನ್ನು ಹೊರಳಿಸತೊಡಗಿದ. ಒಂದೊಂದೂ ರೂಪಾಳ ಕೈಗೆ ಹೋಗಿ, ಬಾಟಲಿ ಸೇರಿ, ಹನಿಹನಿಯಾಗಿ ಗುಡ್ಡವ್ವನ ತೋಳಿಗಿಳಿಯಿತು.

ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು. ದನಿ ಏರಿಸಲಿಲ್ಲ. ಜಾಲಿಕೊಪ್ಪದಲ್ಲಿ ಇನ್ನೆಷ್ಟಿವೆ ಎಂದರು. ಸಾಜೀದ ಖಾಲಿ ಡಬ್ಬಿಯನ್ನು ತೆರೆದು ತೋರಿಸಿದ. ಹೊಸಬಾವಿಯಲ್ಲಿ? ಇಷ್ರತ ಇಲ್ಲವೆಂದಳು. ಇಲ್ಲಿ?

ಹತ್ತನೆಯದು ಅವಳ ಅಂಗೈಗಳ ನಡುವೆ ಇತ್ತು, ಇನ್ನೂ ಪೂರ್ತಿ ಕರಗಿರಲಿಲ್ಲ. "ಇದ ಕಡೀದ್ರಿ," ಎಂದಳು. "ಮೂರೂ ಊರಿಂದು."

ಅವರು ಫೋನಿನ ಪರದೆಯನ್ನು ನೋಡುತ್ತ ನಿಂತರು. ಹೊಸಬಾವಿ, ಕರಿಮಡ್ಡಿ ಎರಡೂ ಸಿದ್ಧವೆಂಬ ವರದಿ ಆಗಲೇ ಮೇಲಕ್ಕೆ ಹೋಗಿತ್ತು. ಈಗ ಇಲ್ಲವೆಂದು ಬರೆದರೂ ಮದ್ದು ಬರುವಷ್ಟರಲ್ಲಿ ನಾಳೆಯಾದರೂ ಆಗುತ್ತದೆ ಎಂದು ಅವರು ತಮ್ಮಷ್ಟಕ್ಕೇ ಎಂಬಂತೆ ಅಂದರು. ರೂಪಾ ತಲೆ ಎತ್ತದೆ, ಆರು ತಾಸಿನ ನಂತರ ಮತ್ತೊಮ್ಮೆ ರಕ್ತ ತೆಗೆದು ನೋಡಬೇಕು, ಅಲ್ಲಿಯವರೆಗೆ ತಾನು ಏನನ್ನೂ ಹೇಳಲಾರೆ ಎಂದಳು. ಆಗಲೇ ಇಷ್ರತಳಿಗೆ ಹೊರಗೆ ಹೆಂಗಸರ ಮಾತು ಕೇಳಿಸಿದ್ದು. ಗುಡ್ಡವ್ವನ ಜೊತೆಗಾರ್ತಿಯರು ಅವಳನ್ನು ನೋಡಲು ಬಂದು, ಬಾಟಲಿ ಹಚ್ಚಿದ್ದನ್ನು ಕಿಟಕಿಯಿಂದ ಕಂಡು ಸಮಾಧಾನಗೊಂಡು, ಹೊಲಕ್ಕೆ ಮರಳುತ್ತಿದ್ದರು. ಹೆಸರುಕಾಯಿ ಒಣಗಿ ಸಿಡಿಯತೊಡಗಿತ್ತು. ಸಂಜೆಯೊಳಗೆ ಬಿಡಿಸಿ ಮುಗಿಸಬೇಕಿತ್ತು. ಅದೇ ಹೊಲ, ಅದೇ ಒಡ್ಡು.

ಸೀಸೆಯನ್ನು ರೂಪಾಳಿಗೆ ಕೊಟ್ಟು ಇಷ್ರತ ಹೊರಬಂದಳು. ಅಧಿಕಾರಿ ದಾರಿ ಬಿಟ್ಟರು. ಮೆಟ್ಟಿಲಿಳಿದು, ಅಂಗಳ ದಾಟಿ, ರಸ್ತೆಯ ನಡುವೆ ಹೋಗಿ ನಿಂತಳು; ಏಳೆಂಟು ಹೆಂಗಸರು ನಿಲ್ಲಲೇಬೇಕಾಯಿತು. ಹನ್ನೊಂದು ವರ್ಷ ಕಿಟಕಿಯ ಹಿಂದೆ ಕೂತು ಗುಳಿಗೆ ಕೊಟ್ಟವಳು ಬಿಸಿಲಿನಲ್ಲಿ ಹೀಗೆ ಬರಿಗೈಯಲ್ಲಿ ನಿಂತಿರುವುದನ್ನು ಅವರು ವಿಚಿತ್ರವಾಗಿ ನೋಡಿದರು.

"ನಮ್ಮ ದವಾಖಾನ್ಯಾಗ ಹಾವಿನ ಮದ್ದು ಇಲ್ಲ. ಹೊಸಬಾವ್ಯಾಗೂ ಇಲ್ಲ, ಜಾಲಿಕೊಪ್ಪದಾಗೂ ಇಲ್ಲ. ಒಡ್ಡಿನ ಕಲ್ಲಿಗೆ ಕೈ ಹಾಕಬ್ಯಾಡ್ರಿ. ಕಡದ್ರ ಇಲ್ಲಿಗೆ ಬರಬ್ಯಾಡ್ರಿ, ಸೀದಾ ರೋಣಕ್ಕ ಹೋಗ್ರಿ."

ಎಲ್ಲರ ಹಿಂದಿದ್ದ ಮುದುಕವ್ವ, ಆ ಗುಂಪಿನ ಹಿರಿಯಳು, ಮುಂದೆ ಬಂದಳು. ಜೀಪನ್ನೂ, ಬಾಗಿಲಲ್ಲಿದ್ದ ಅಧಿಕಾರಿಯನ್ನೂ, ಆಮೇಲೆ ಇಷ್ರತಳನ್ನೂ ನೋಡಿದಳು.

"ಮುಂಜಾನಿ ಸಾಹೇಬರಿಗೆ ಐತಿ ಅಂತ ತೋರಿಸಿದೆಲ್ಲವಾ?"

"ತೋರಿಸಿದ್ನಿ."

ಮುದುಕವ್ವ ರಸ್ತೆಯ ಪಕ್ಕದ ಜಾಲಿಯ ಬೇಲಿಯಿಂದ ಒಂದು ಒಣಕೋಲನ್ನು ಎಳೆದುಕೊಂಡಳು. ಇನ್ನೊಬ್ಬಳೂ ಎಳೆದುಕೊಂಡಳು. ಅವರು ಇಷ್ರತಳನ್ನು ಸುತ್ತುಹಾಕಿ ಹೊಲದ ಕಡೆ ಹೋದರು, ನೆಲಕ್ಕೆ ಕೋಲು ಬಡಿಯುತ್ತ.